ಮಹಾಮಾರಿಯನ್ನು ಎದುರಿಸಿದ ಹಾಫ್‌ಕಿನ್

ಪ್ಲೇಗ್ ಎಂಬುದು ಇಂದಿನ ಮಕ್ಕಳಿಗೆ ಪುಸ್ತಕದಲ್ಲಿ ಓದುವ ಒಂದು ಹೆಸರು ಮಾತ್ರ. ನೂರಿಪ್ಪತ್ತೈದು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ಆ ಹೆಸರನ್ನು ಗಟ್ಟಿಯಾಗಿ ಉಚ್ಚರಿಸುವುದಕ್ಕೂ ಜನ ಅಂಜುತ್ತಿದ್ದರು. ಅಟ್ಟದ ಮೇಲಿಂದ ಒಂದು ಇಲಿ ತಾನೇ ತಾನಾಗಿ ಕೆಳಗೆ ಬಿದ್ದು ಸತ್ತರೆ ಸಾಕು, ಮನೆಯವರು ಪಾತ್ರೆಪಡಗ, ದವಸಧಾನ್ಯ, ಹಸುಕರುಗಳೊಡನೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹಿಂದೆ ಉಳಿದವರಿಗೆ ಚಳಿಜ್ವರ ಬರುತ್ತಿತ್ತು. ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗೆಡ್ಡೆ ಏಳುತ್ತಿತ್ತು. ಕೆಲವೇ ದಿನಗಳಲ್ಲಿ ಅವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಬೆಂಗಳೂರು, ಮೈಸೂರು ಈ ಊರುಗಳೆಲ್ಲ ಈ ಬಾಧೆಯನ್ನು ಕಂಡವು. ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗಮ್ಮನ ಗುಡಿಗಳಿವೆ. ಭಾರತದಲ್ಲಿ 1896ರಿಂದ ಮುಂದಿನ ಕೆಲವು ದಶಕಗಳಲ್ಲಿ ಈ ರೋಗ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಈ ಮಹಾಮಾರಿಗೆ ಮೊದಲ ಲಸಿಕೆಯನ್ನು ನಮ್ಮ ದೇಶದಲ್ಲೇ ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್‌ಕಿನ್. ಅವರು ಭಾರತೀಯರಲ್ಲ, ಆಂಗ್ಲರೂ ಅಲ್ಲ, ವೃತ್ತಿಯಿಂದ ವೈದ್ಯರೂ ಅಲ್ಲ. ಪ್ರಾಣಿಶಾಸ್ತ್ರವನ್ನು ಓದಿದ ಒಬ್ಬ ಬಡ ಯಹೂದಿ.

ಹಾಫ್‌ಕಿನ್ ಅವರು ಹುಟ್ಟಿದ್ದು 1860ನೆಯ ಇಸವಿ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ. ಇಂದು ಉಕ್ರೇನಿನಲ್ಲಿರುವ ಆ ನಗರ ಅಂದು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿ ದೊರೆತವರು ಇಲ್ಯಾ ಮೆಚ್ನಿಕಾಫ್. ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳು ಒಳಹೊಕ್ಕ ರೋಗಾಣುಗಳನ್ನು ನುಂಗಿ ನಾಶ ಮಾಡುತ್ತವೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟ ಮಹಾನುಭಾವರು ಅವರೇ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರಲಿದೆ.

ಆಗಿನ ರಷ್ಯದಲ್ಲಿ ಯಹೂದಿಯಾಗಿ ಬಾಳುವುದು ಸುಲಭವಾಗಿರಲಿಲ್ಲ. 1881ರಲ್ಲಿ ಒಡೆಸ್ಸಾದಲ್ಲಿ ಯಹೂದಿಗಳ ಮನೆಗಳ ಮೇಲೆ ಗುಂಪುಗಳು ದಾಳಿ ಮಾಡಿದಾಗ ತರುಣ ಹಾಫ್‌ಕಿನ್ ತನ್ನವರ ರಕ್ಷಣೆಗೆ ನಿಂತು ಗಾಯಗೊಂಡರು, ಸೆರೆಮನೆಯನ್ನೂ ಕಂಡರು. ಮೆಚ್ನಿಕಾಫರು ಅವರ ಪರವಾಗಿ ನಿಂತದ್ದರಿಂದ ಬಿಡುಗಡೆಯಾಯಿತು. ವ್ಯಾಸಂಗ ಮುಗಿದ ಮೇಲೆ ಅಧ್ಯಾಪಕ ಹುದ್ದೆ ಬೇಕಾದರೆ ಕ್ರೈಸ್ತ ಮತಕ್ಕೆ ಸೇರಬೇಕೆಂಬ ನಿಬಂಧನೆ ಎದುರಾಯಿತು. ಅವರು ಒಪ್ಪಲಿಲ್ಲ. ಒಡೆಸ್ಸಾದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಕೆಲವು ವರ್ಷ ದುಡಿದು, 1888ರಲ್ಲಿ ತಾಯ್ನಾಡನ್ನು ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಒಂದು ಕೆಲಸ ಸಿಕ್ಕಿತು. ಸಂಶೋಧಕನ ಕೆಲಸವಲ್ಲ, ಪುಸ್ತಕಾಲಯದ ಸಹಾಯಕನ ಕೆಲಸ. ಹಗಲಿನಲ್ಲಿ ಪುಸ್ತಕಗಳ ನಡುವೆ, ಬಿಡುವು ದೊರೆತಾಗಲೆಲ್ಲ ಪ್ರಯೋಗಶಾಲೆಯಲ್ಲಿ ಅವರ ಕಾಲ ಕಳೆಯುತ್ತಿತ್ತು.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಕಾಲರಾ ರೋಗಾಣುವನ್ನು. ಗಿನಿಹಂದಿಗಳ ಹೊಟ್ಟೆಯಲ್ಲಿ ಒಂದರಿಂದ ಒಂದಕ್ಕೆ ದಾಟಿಸುತ್ತ ಆ ರೋಗಾಣುವಿನ ಉಗ್ರತೆಯನ್ನು ಹೆಚ್ಚಿಸಿ, ಮತ್ತೊಂದು ಕ್ರಮದಿಂದ ಅದನ್ನು ತಗ್ಗಿಸಿ, ಎರಡು ಬಗೆಯ ಲಸಿಕೆಗಳನ್ನು ತಯಾರಿಸಿದರು. 1892ರ ಜುಲೈ 18ರಂದು ಆ ಲಸಿಕೆಯನ್ನು ಮೊದಲು ಚುಚ್ಚಿಕೊಂಡದ್ದು ತಮ್ಮ ದೇಹಕ್ಕೇ. ಜ್ವರ ಬಂದು ಇಳಿಯಿತು. ಇನ್ನು ಅದನ್ನು ಕಾಲರಾ ಇರುವ ನಾಡಿನಲ್ಲಿ ಪರೀಕ್ಷಿಸಬೇಕಾಗಿತ್ತು. ಅವರು ಸಯಾಮ್ ದೇಶಕ್ಕೆ ಹೋಗುವ ಯೋಚನೆಯಲ್ಲಿದ್ದಾಗ, ಹಿಂದೆ ಭಾರತದ ವೈಸರಾಯ್ ಆಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರನ್ನು ಭಾರತದ ಕಡೆಗೆ ತಿರುಗಿಸಿದರು. 1893ರ ಮಾರ್ಚಿಯಲ್ಲಿ ಹಾಫ್‌ಕಿನ್ ಕಲಕತ್ತೆಗೆ ಬಂದಿಳಿದರು. ಉತ್ತರ ಭಾರತದ ಊರುಗಳಲ್ಲಿ, ಸೈನ್ಯದ ಪಾಳೆಯಗಳಲ್ಲಿ, ಕಲಕತ್ತೆಯ ಬಡವರ ಬಸ್ತಿಗಳಲ್ಲಿ ಭಾರತೀಯ ವೈದ್ಯರ ಜೊತೆಗೂಡಿ ಸುತ್ತಾಡಿ, ಎರಡೂವರೆ ವರ್ಷಗಳಲ್ಲಿ ಸುಮಾರು 42,000 ಜನರಿಗೆ ಲಸಿಕೆ ಹಾಕಿದರು. ಕೊನೆಗೆ ಮಲೇರಿಯಾ ಜ್ವರ ಅವರನ್ನೇ ಹಿಡಿದು ಯೂರೋಪಿಗೆ ಮರಳುವಂತೆ ಮಾಡಿತು. 1896ರಲ್ಲಿ ಪುನಃ ಬಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಕೇರಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು.

ಇಲ್ಲಿ ರೋಗದ ಸ್ವರೂಪವನ್ನು ಸ್ವಲ್ಪ ಅರಿಯಬೇಕು. ಪ್ಲೇಗ್ ಮೂಲತಃ ಮನುಷ್ಯನ ರೋಗವಲ್ಲ. ಅದು ಇಲಿ, ಹೆಗ್ಗಣ ಮೊದಲಾದ ಪ್ರಾಣಿಗಳ ರೋಗ. ರೋಗ ತಗುಲಿದ ಇಲಿಯ ರಕ್ತವನ್ನು ಹೀರುವ ಚಿಗಟದ ಹೊಟ್ಟೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಇಲಿ ಸತ್ತು ಅದರ ಮೈ ತಣ್ಣಗಾದೊಡನೆ ಚಿಗಟ ಬೇರೆ ಆಸರೆಯನ್ನು ಅರಸುತ್ತದೆ. ಹತ್ತಿರದಲ್ಲಿ ಮನುಷ್ಯನಿದ್ದರೆ ಅವನನ್ನೇ ಕಚ್ಚುತ್ತದೆ. ಇಲಿ ಬಿದ್ದ ಮನೆಯನ್ನು ಬಿಟ್ಟು ಹೊರಡುತ್ತಿದ್ದ ನಮ್ಮ ಹಿರಿಯರು ಚಿಗಟದ ವಿಷಯವನ್ನು ಅರಿಯದಿದ್ದರೂ ಮಾಡುತ್ತಿದ್ದ ಕೆಲಸ ಮಾತ್ರ ಸರಿಯಾದದ್ದೇ ಆಗಿತ್ತು. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದವರು ಪಾಶ್ಚರ್ ಸಂಸ್ಥೆಯವರೇ ಆದ ಅಲೆಕ್ಸಾಂಡರ್ ಯೆರ್ಸಿನ್. ಚಿಗಟದ ಪಾತ್ರವನ್ನು ಪೌಲ್ ಲೂಯಿ ಸಿಮಾಂಡ್ ತೋರಿಸಿಕೊಟ್ಟದ್ದು 1898ರಲ್ಲಿ. ಹಾಫ್‌ಕಿನ್ ಮುಂಬಯಿಯಲ್ಲಿ ಕೆಲಸ ತೊಡಗಿದಾಗ ರೋಗಾಣು ತಿಳಿದಿತ್ತು, ಅದು ಬರುವ ದಾರಿ ಇನ್ನೂ ತಿಳಿದಿರಲಿಲ್ಲ.

1896ರ ಅಕ್ಟೋಬರಿನಲ್ಲಿ ಸರ್ಕಾರ ಅವರನ್ನು ಮುಂಬಯಿಗೆ ಕಳುಹಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೊಠಡಿ, ಅದಕ್ಕೆ ಹೊಂದಿದ ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಅವರ ಪ್ರಯೋಗಶಾಲೆ. ಬೆಳಗಿನಿಂದ ನಡುರಾತ್ರಿಯವರೆಗೆ ಕೆಲಸ ನಡೆಯಿತು. ಸಹಾಯಕರಲ್ಲಿ ಒಬ್ಬರು ದಣಿವಿನಿಂದ ಕಾಯಿಲೆ ಬಿದ್ದರು, ಇಬ್ಬರು ಕೆಲಸವನ್ನೇ ಬಿಟ್ಟುಹೋದರು.

ಅವರು ಅನುಸರಿಸಿದ ಕ್ರಮ ಸರಳವಾದದ್ದು, ಆದರೆ ಬಹು ಜಾಣ್ಮೆಯದು. ಮಾಂಸದ ಸಾರನ್ನು ಗಾಜಿನ ಫ್ಲಾಸ್ಕಿನಲ್ಲಿ ತುಂಬಿ ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ಹಿಂದೂಗಳಿಗೆ ದನದ ಮಾಂಸವೂ ಮುಸಲ್ಮಾನರಿಗೆ ಹಂದಿಯ ಮಾಂಸವೂ ನಿಷಿದ್ಧವೆಂಬುದನ್ನು ತಿಳಿದು ಸಾರಿಗೆ ಆಡಿನ ಮಾಂಸವನ್ನು ಬಳಸಿದರು. ರೋಗಾಣುಗಳು ತುಪ್ಪದ ಹನಿಗಳಿಗೆ ಅಂಟಿಕೊಂಡು, ಆಲದ ಮರದ ಬಿಳಲುಗಳಂತೆ ಕೆಳಮುಖವಾಗಿ ಇಳಿದು ಬೆಳೆಯುತ್ತಿದ್ದವು. ಫ್ಲಾಸ್ಕನ್ನು ಮೆಲ್ಲನೆ ಅಲುಗಿಸಿದರೆ ಆ ಬಿಳಲುಗಳು ಕಳಚಿ ತಳ ಸೇರುತ್ತಿದ್ದವು. ಮೇಲೆ ಹೊಸ ಬೆಳೆ ತೊಡಗುತ್ತಿತ್ತು. ಸುಮಾರು ಆರು ವಾರಗಳಲ್ಲಿ ಹೀಗೆ ಹಲವು ಬೆಳೆ ತೆಗೆದ ಮೇಲೆ ಎಲ್ಲವನ್ನೂ 65 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕಾಯಿಸಿ ರೋಗಾಣುಗಳನ್ನು ಕೊಲ್ಲುತ್ತಿದ್ದರು. ಬೇರೆ ಸೂಕ್ಷ್ಮಜೀವಿಗಳು ಬೆಳೆಯದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸುತ್ತಿದ್ದರು. ಸತ್ತ ರೋಗಾಣುಗಳ ಕಾಯ ಮಾತ್ರವಲ್ಲ, ಅವು ಬೆಳೆಯುವಾಗ ಸಾರಿಗೆ ಬಿಟ್ಟ ವಸ್ತುಗಳೂ ಲಸಿಕೆಯಲ್ಲಿ ಇರಬೇಕೆಂಬುದು ಹಾಫ್‌ಕಿನ್ ಅವರ ದೃಢವಾದ ಅಭಿಪ್ರಾಯವಾಗಿತ್ತು. ಆ ವಸ್ತುಗಳು ಏನೆಂಬುದನ್ನು ಹೇಳುವಷ್ಟು ರಸಾಯನಶಾಸ್ತ್ರ ಆಗ ಬೆಳೆದಿರಲಿಲ್ಲ.

1897ರ ಜನವರಿ 10ರಂದು ಕಾಲೇಜಿನ ಪ್ರಾಂಶುಪಾಲರ ಸಮಕ್ಷಮದಲ್ಲಿ ಹಾಫ್‌ಕಿನ್ ಈ ಲಸಿಕೆಯನ್ನೂ ತಮ್ಮ ಮೈಗೆ ಚುಚ್ಚಿಸಿಕೊಂಡರು. ಅವರು ತೆಗೆದುಕೊಂಡದ್ದು 10 ಘನ ಸೆಂಟಿಮೀಟರ್. ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಮೂರು ಪಟ್ಟು ಹೆಚ್ಚು. ಜ್ವರ, ನೋವು ಕೆಲವು ದಿನ ಕಾಡಿದವು. ಅದೇ ತಿಂಗಳ ಕೊನೆಗೆ ಬೈಕಲಾ ಸೆರೆಮನೆಯಲ್ಲಿ ಪ್ಲೇಗ್ ಹುಟ್ಟಿತು. ಅಲ್ಲಿಯ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿ ಮುಂದೆ ಬಂದು ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ರೋಗ ಬಂದದ್ದು ಇಬ್ಬರಿಗೆ, ಅವರಿಬ್ಬರೂ ಬದುಕಿದರು.

ಆ ದಿನಗಳಲ್ಲಿ ಪ್ಲೇಗಿನಷ್ಟೇ ಪ್ಲೇಗಿನ ಅಧಿಕಾರಿಗಳಿಗೂ ಜನ ಹೆದರುತ್ತಿದ್ದರು. ಮನೆಗಳನ್ನು ಶೋಧಿಸುವುದು, ರೋಗಿಗಳನ್ನು ಬಲವಂತವಾಗಿ ಕೊಂಡೊಯ್ಯುವುದು, ಸಾಮಾನುಗಳನ್ನು ಸುಡುವುದು ಇವುಗಳಿಂದ ಜನರ ಮನಸ್ಸು ಕುದಿಯುತ್ತಿತ್ತು. ಪುಣೆಯಲ್ಲಿ 1897ರ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದದ್ದು ಈ ಕಾರಣದಿಂದಲೇ. ಇಂಥ ಸಂದರ್ಭದಲ್ಲಿ ಪರದೇಶದವನೊಬ್ಬ ಸೂಜಿ ಹಿಡಿದು ಬಂದರೆ ಜನ ನಂಬುವುದು ಹೇಗೆ? ಹಾಫ್‌ಕಿನ್ ಬಲವಂತವನ್ನು ಒಪ್ಪಲಿಲ್ಲ. ಒಪ್ಪಿ ಬಂದವರಿಗೆ ಮಾತ್ರ ಲಸಿಕೆ ಎಂಬ ನಿಯಮವನ್ನು ಹಿಡಿದು ನಿಂತರು. ಖೋಜಾ ಜನಾಂಗದ ಗುರುಗಳಾದ ತರುಣ ಆಗಾಖಾನರು ಎಲ್ಲರೆದುರು ಲಸಿಕೆ ಹಾಕಿಸಿಕೊಂಡು ತಮ್ಮ ಅನುಯಾಯಿಗಳ ಭಯವನ್ನು ನೀಗಿದರು; ಪ್ರಯೋಗಶಾಲೆಗೆ ತಮ್ಮ ಮನೆಯೊಂದನ್ನೂ ಬಿಟ್ಟುಕೊಟ್ಟರು. ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಮುವ್ವತ್ತು ಸಾವಿರಕ್ಕೂ ಹೆಚ್ಚು ಜನ ಈ ಲಸಿಕೆಯನ್ನು ಪಡೆದರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಒಂದೇ ಊರಿನಲ್ಲಿ ಅದನ್ನು ಪ್ರಯೋಗಿಸಿದ ಮೊದಲ ನಿದರ್ಶನಗಳಲ್ಲಿ ಅದೂ ಒಂದು. 1899ರ ಆಗಸ್ಟಿನಲ್ಲಿ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರ ಬಂಗಲೆಗೆ ಸ್ಥಳಾಂತರಗೊಂಡಿತು. ಒಂದು ಕೊಠಡಿಯಲ್ಲಿ ತೊಡಗಿದ ಕೆಲಸಕ್ಕೆ ಮೂರು ವರ್ಷ ತುಂಬುವ ಮೊದಲೇ ಅರಮನೆಯಂಥ ಕಟ್ಟಡ ದೊರೆತಿತ್ತು. ಎರಡು ವರ್ಷ ಮೊದಲೇ ಬ್ರಿಟಿಷ್ ಸರ್ಕಾರ ಹಾಫ್‌ಕಿನ್ ಅವರಿಗೆ ಸಿ.ಐ.ಇ. ಪದವಿಯನ್ನು ನೀಡಿತ್ತು.

ಮುಂದಿನ ಸಂಗತಿ ದುಃಖಕರವಾದುದು.

1902ರಲ್ಲಿ ಪಂಜಾಬಿನಲ್ಲಿ ಪ್ಲೇಗ್ ಉಲ್ಬಣಿಸಿತು. ಅಲ್ಲಿಯ ಸರ್ಕಾರ ಲಕ್ಷಗಟ್ಟಲೆ ಜನರಿಗೆ ಲಸಿಕೆ ಹಾಕಲು ನಿಶ್ಚಯಿಸಿ ಪರೇಲಿನಿಂದ ಅಪಾರ ಪ್ರಮಾಣದಲ್ಲಿ ಸೀಸೆಗಳನ್ನು ಬೇಡಿತು. ಬೇಡಿಕೆಯನ್ನು ಪೂರೈಸಲು ಹಾಫ್‌ಕಿನ್ ತಯಾರಿಕೆಯ ಕ್ರಮದಲ್ಲಿ ಒಂದು ಬದಲಾವಣೆ ಮಾಡಿದರು. ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು ಕಾಯಿಸುವುದೊಂದನ್ನೇ ನೆಚ್ಚಿದರು. ಪಾಶ್ಚರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದ ಕ್ರಮವೇ ಅದು.

ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಬಳಸಿದ ಸೀಸೆಗಳು ಹಲವು. ಅವುಗಳಲ್ಲಿ ಒಂದು ಸೀಸೆಯಿಂದ ಲಸಿಕೆ ಪಡೆದವರು 19 ಮಂದಿ. ಕೆಲವು ದಿನಗಳಾದ ಮೇಲೆ ಆ 19 ಮಂದಿಗೂ ದವಡೆ ಬಿಗಿಯಿತು, ಬೆನ್ನು ಬಿಲ್ಲಿನಂತೆ ಬಾಗಿತು. ಅದು ಧನುರ್ವಾಯು. ಅವರಲ್ಲಿ ಒಬ್ಬರೂ ಉಳಿಯಲಿಲ್ಲ. ಉಳಿದ ಸೀಸೆಗಳಿಂದ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ.

ಪ್ಲೇಗಿನಿಂದ ಪಾರಾಗಬೇಕೆಂದು ನಂಬಿ ತೋಳೊಡ್ಡಿದ 19 ಜನರು ತೀರಿಕೊಂಡರು ಎಂಬುದನ್ನು ಮರೆತು ಮುಂದಿನ ಕತೆಯನ್ನು ಹೇಳುವುದು ನ್ಯಾಯವಲ್ಲ. ಯಾರು ಹೊಣೆ ಎಂಬ ಪ್ರಶ್ನೆ ಏಳುವುದು ಸಹಜವಾಗಿತ್ತು. ಸರ್ಕಾರ ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿತು. ಸೀಸೆಯನ್ನು ತೆರೆಯುವ ಮುನ್ನವೇ, ಎಂದರೆ ಪರೇಲಿನಲ್ಲೇ, ಧನುರ್ವಾಯುವಿನ ರೋಗಾಣು ಅದನ್ನು ಸೇರಿತ್ತು ಎಂದು ಆಯೋಗ ತೀರ್ಮಾನಿಸಿತು. ಆಮ್ಲವನ್ನು ಕೈಬಿಟ್ಟದ್ದು ಹಾಫ್‌ಕಿನ್ ಅವರ ಮೇಲಿನ ದೊಡ್ಡ ಆರೋಪವಾಯಿತು. ಅವರನ್ನು ನಿರ್ದೇಶಕ ಸ್ಥಾನದಿಂದ ದೂರವಿಟ್ಟು, ಸಂಬಳವಿಲ್ಲದೆ ಕೂರಿಸಲಾಯಿತು. 1904ರಲ್ಲಿ ಅವರು ಇಂಗ್ಲೆಂಡಿಗೆ ಹೊರಟುಹೋದರು.

ವಿಚಾರಣೆಯ ಕಾಗದಪತ್ರಗಳು ಪ್ರಕಟವಾಗಲು ವರ್ಷಗಳೇ ಹಿಡಿದವು. ಪ್ರಕಟವಾದಾಗ ಅವುಗಳೊಳಗೆ ಒಂದು ಚಿಕ್ಕ ಸಂಗತಿ ಹುದುಗಿತ್ತು. ಮಲ್ಕೋವಾಲಿನಲ್ಲಿ ಆ ಸೀಸೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ಕಾರ್ಬಾಲಿಕ್ ದ್ರವದಲ್ಲಿ ಅದ್ದಿ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ ಮತ್ತು ದನಕುದುರೆಗಳ ಸಗಣಿ ಲದ್ದಿಗಳಲ್ಲಿ. ಅದರ ಬೀಜಕಣಗಳು ಅಷ್ಟರಿಂದ ಸಾಯುವಂಥವಲ್ಲ. ಮತ್ತೊಂದು ಸಂಗತಿ. ಈ ರೋಗಾಣು ಸ್ವತಃ ಕೊಲ್ಲುವುದಿಲ್ಲ. ಅದು ಸ್ರವಿಸುವ ಒಂದು ವಿಷ ನರಗಳನ್ನು ಹಿಡಿದು ಕೊಲ್ಲುತ್ತದೆ. ಆ ವಿಷವು ಸಸಾರಜನಕ, ಎಂದರೆ ಪ್ರೋಟೀನು, ಎಂಬುದು ಇಂದು ನಮಗೆ ಗೊತ್ತು. ಮುಚ್ಚಿದ ಸೀಸೆಯಲ್ಲಿ ವಾರಗಟ್ಟಲೆ ರೋಗಾಣು ಬೆಳೆದಿದ್ದರೆ ಲಸಿಕೆಯೆಲ್ಲ ಆ ವಿಷದಿಂದ ತುಂಬಿ, ಸೀಸೆ ತೆರೆದೊಡನೆ ದುರ್ನಾತ ಬೀರಬೇಕಾಗಿತ್ತು. ಚುಚ್ಚಿಸಿಕೊಂಡವರು ಬಹು ಬೇಗನೆ ಬೀಳಬೇಕಾಗಿತ್ತು. ಹಾಗೆ ಆಗಿರಲಿಲ್ಲ. ವೈದ್ಯರು ಯಾವ ನಾತವನ್ನೂ ಗಮನಿಸಿರಲಿಲ್ಲ. ರೋಗಾಣು ಆ ದಿನವೇ ಸೇರಿ ಮೈಯೊಳಗೆ ಬೆಳೆಯಿತೆಂಬುದಕ್ಕೆ ಹೊಂದುವಂತೆ, ಲಕ್ಷಣಗಳು ತಡವಾಗಿ ಕಾಣಿಸಿದ್ದವು. ಲಂಡನ್ನಿನ ಲಿಸ್ಟರ್ ಸಂಸ್ಥೆಯೂ ಇದೇ ಅಭಿಪ್ರಾಯವನ್ನು ಕೊಟ್ಟಿತ್ತು.

ಮಲೇರಿಯಾ ಸಂಶೋಧನೆಯಿಂದ ಜಗತ್ಪ್ರಸಿದ್ಧರಾಗಿದ್ದ ಸರ್ ರೊನಾಲ್ಡ್ ರಾಸ್ ಈ ಕಾಗದಗಳನ್ನು ಓದಿ ಕೆರಳಿದರು. ಪತ್ರಿಕೆಗಳಿಗೆ ಮೇಲಿಂದ ಮೇಲೆ ಬರೆದರು. 1907ರ ಜುಲೈನಲ್ಲಿ ಹತ್ತು ಮಂದಿ ಹೆಸರಾಂತ ವಿಜ್ಞಾನಿಗಳು ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ ನಿರ್ದೋಷಿಯೆಂದು ಸಾರಿದರು. ಆ ವರ್ಷದ ಕೊನೆಗೆ ಸರ್ಕಾರ ಅವರನ್ನು ದೋಷಮುಕ್ತರನ್ನಾಗಿ ಮಾಡಿ ಮತ್ತೆ ಕೆಲಸಕ್ಕೆ ಕರೆಯಿತು. ಹಾಫ್‌ಕಿನ್ ಅವರು ಆಮ್ಲವನ್ನು ಬಿಟ್ಟದ್ದು ಅವಸರವಾಯಿತೇ ಎಂದು ಕೇಳುವ ಹಕ್ಕು ಇಂದಿನ ಓದುಗನಿಗೆ ಖಂಡಿತ ಉಂಟು; ಆದರೆ ಆ ಹಳ್ಳಿಯ ಸಾವಿಗೆ ಆ ಬದಲಾವಣೆ ಕಾರಣವಲ್ಲವೆಂಬುದು ಸಾಕ್ಷ್ಯಗಳಿಂದ ಸ್ಪಷ್ಟವಾಗುತ್ತದೆ. ನೆಲಕ್ಕೆ ಬಿದ್ದ ಒಂದು ಚಿಮುಟವನ್ನು ಗಮನಿಸಲು ಸರ್ಕಾರಕ್ಕೆ ಐದು ವರ್ಷ ಬೇಕಾಯಿತಲ್ಲ ಎಂದು ಆಶ್ಚರ್ಯವಾಗುತ್ತದೆ.

ಅವರು ಮರಳಿ ಬಂದರು. ಆದರೆ ಪರೇಲಿನ ಸ್ಥಾನ ಬೇರೊಬ್ಬರ ಪಾಲಾಗಿತ್ತು. ಕಲಕತ್ತೆಯ ಜೀವಶಾಸ್ತ್ರ ಪ್ರಯೋಗಶಾಲೆಯನ್ನು ಅವರಿಗೆ ವಹಿಸಲಾಯಿತು. ಅಲ್ಲಿ ಲಸಿಕೆಯನ್ನು ತಯಾರಿಸಲು ಅನುಕೂಲವಿರಲಿಲ್ಲ, ಜನರ ಮೇಲೆ ಹೊಸ ಪ್ರಯೋಗ ನಡೆಸಲು ಅನುಮತಿಯೂ ಇರಲಿಲ್ಲ. ಐವತ್ತೈದು ತುಂಬುವ ಹೊತ್ತಿಗೆ ನಿವೃತ್ತರಾಗಿ ಯೂರೋಪಿಗೆ ಹೊರಟರು. ಮದುವೆಯಾಗಿರಲಿಲ್ಲ. ಫ್ರಾನ್ಸಿನಲ್ಲಿ, ಆಮೇಲೆ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಏಕಾಂತವಾಗಿ, ತಮ್ಮ ಮತದ ಆಚಾರಗಳನ್ನು ಶ್ರದ್ಧೆಯಿಂದ ಪಾಲಿಸುತ್ತ ಬಾಳಿದರು. ಸಂಪಾದಿಸಿದ ಹಣವನ್ನು ಯಹೂದಿ ಧಾರ್ಮಿಕ ಶಾಲೆಗಳಿಗೆ ಮೀಸಲಿಟ್ಟರು. 1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು; ಆ ವರ್ಷದವರೆಗೆ ಅಲ್ಲಿಂದ ಹೊರಟ ಪ್ಲೇಗ್ ಲಸಿಕೆಯ ಪ್ರಮಾಣ ಸುಮಾರು 2.6 ಕೋಟಿ ಜನರಿಗೆ ಸಾಕಾಗುವಷ್ಟಿತ್ತು. 1930ರ ಅಕ್ಟೋಬರ್ 26ರಂದು ಅವರು ಲೊಸಾನಿನಲ್ಲಿ ತೀರಿಕೊಂಡರು. 1964ರಲ್ಲಿ ಭಾರತ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಹಾಫ್‌ಕಿನ್ ಅವರ ಸೀಸೆಯಲ್ಲಿ ಮನುಷ್ಯನನ್ನು ಕಾಪಾಡುತ್ತಿದ್ದ ವಸ್ತು ಯಾವುದು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಅವರ ಮರಣಾನಂತರ. ಲಂಡನ್ನಿನಲ್ಲಿ ಷೂಟ್ಸೆ ಎಂಬ ಸಂಶೋಧಕರು 1930ರ ದಶಕದಲ್ಲಿ ಪ್ಲೇಗ್ ರೋಗಾಣುವಿನ ಮೈಸುತ್ತ ಒಂದು ಕವಚವಿರುವುದನ್ನು ಪರೀಕ್ಷಿಸಿದರು. ಚಿಗಟದ ತಂಪು ದೇಹದಲ್ಲಿರುವಾಗ ರೋಗಾಣುವಿಗೆ ಈ ಕವಚ ಇರುವುದಿಲ್ಲ. ಮನುಷ್ಯನ ಅಥವಾ ಇಲಿಯ ಮೈಯ 37 ಡಿಗ್ರಿ ಬಿಸುಪು ತಾಗಿದ ಮೇಲೆ ಅದು ಕವಚವನ್ನು ಹೊದೆಯುತ್ತದೆ. ಹಾಫ್‌ಕಿನ್ ಅವರ ಫ್ಲಾಸ್ಕುಗಳಲ್ಲಿ ರೋಗಾಣುಗಳು ಬೆಳೆದದ್ದು ಅದಕ್ಕಿಂತ ಕಡಿಮೆ ಉಷ್ಣದಲ್ಲಿ. ಆದಕಾರಣ ಆ ಲಸಿಕೆಯಲ್ಲಿ ಕವಚದ ಅಂಶ ಸಾಕಷ್ಟು ಇರುತ್ತಿರಲಿಲ್ಲ. ಅದು ಹಲವರನ್ನು ಉಳಿಸಿದರೂ ಎಲ್ಲರನ್ನೂ ಉಳಿಸಲಾರದೆ ಹೋದುದಕ್ಕೆ ಇದು ಒಂದು ಕಾರಣ. ಮುಂದೆ 1950ರ ದಶಕದಲ್ಲಿ ಅಮೆರಿಕದ ಬೇಕರ್ ಮತ್ತು ಅವರ ಸಂಗಡಿಗರು ಆ ಕವಚದ ವಸ್ತುವನ್ನು ಬೇರ್ಪಡಿಸಿ ಶುದ್ಧಗೊಳಿಸಿದರು. ಅದು ಒಂದು ಪ್ರೋಟೀನು. ಎಫ್-1 ಎಂಬುದು ಅದರ ಹೆಸರು. ಸಾವಿರಾರು ಸಣ್ಣ ತುಣುಕುಗಳು ಮಣಿಸರದಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ರೋಗಾಣುವಿನ ಸುತ್ತ ಹರಡುತ್ತವೆ. ಕೆಲವು ಕಳಚಿ ಸುತ್ತಲಿನ ದ್ರವಕ್ಕೂ ಸೇರುತ್ತವೆ. ಸಾರಿನಲ್ಲಿ ಕರಗಿದ ವಸ್ತುಗಳನ್ನು ಚೆಲ್ಲಬಾರದೆಂದು ಹಾಫ್‌ಕಿನ್ ಹಟ ಹಿಡಿದದ್ದು ಸರಿಯಾಗಿಯೇ ಇತ್ತು.

ಈ ಕವಚದಿಂದ ರೋಗಾಣುವಿಗೆ ಆಗುವ ಪ್ರಯೋಜನವೇನು? ರಕ್ತದ ಬಿಳಿಯ ಕಣಗಳು ಅದನ್ನು ನುಂಗದಂತೆ ಕವಚ ತಡೆಯುತ್ತದೆ. ಒಡೆಸ್ಸಾದ ಗುರು ಕಂಡುಹಿಡಿದ ರಕ್ಷಣೆಯನ್ನು ಮುರಿಯುವ ಸಾಧನವೇ ಶಿಷ್ಯನ ಲಸಿಕೆಯ ಒಂದು ಅಂಶವಾಗಿತ್ತು! ಲಸಿಕೆಯ ಮೂಲಕ ಈ ಪ್ರೋಟೀನಿನ ಪರಿಚಯವನ್ನು ಮೊದಲೇ ಪಡೆದ ದೇಹ, ಮುಂದೆ ಕವಚಧಾರಿಯಾದ ರೋಗಾಣು ಬಂದಾಗ ಅದನ್ನು ಗುರುತಿಸಿ ಹಿಡಿಯಬಲ್ಲದು. ಎಫ್-1 ಇಲ್ಲದ ಪ್ಲೇಗ್ ರೋಗಾಣುಗಳೂ ಉಂಟು. ಆದಕಾರಣ ವಿ ಎಂಬ ಮತ್ತೊಂದು ಪ್ರೋಟೀನನ್ನು ಇದರೊಡನೆ ಕೂಡಿಸಿ ಹೊಸ ಲಸಿಕೆಗಳನ್ನು ರೂಪಿಸುವ ಪ್ರಯತ್ನಗಳು ನಡೆದಿವೆ.

ಈಗ ಪ್ಲೇಗಿಗೆ ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳಿವೆ. ತಕ್ಕ ಕಾಲದಲ್ಲಿ ಕೊಟ್ಟರೆ ರೋಗಿ ಬದುಕುತ್ತಾನೆ. ತಕ್ಕ ಕಾಲದಲ್ಲಿ ರೋಗವನ್ನು ಗುರುತಿಸುವುದೇ ಕಷ್ಟದ ಕೆಲಸ. ಪ್ಲೇಗ್ ಇನ್ನೂ ಪೂರ್ಣವಾಗಿ ತೊಲಗದ ಮಡಗಾಸ್ಕರ್ ದ್ವೀಪದಲ್ಲಿ, ಅಲ್ಲಿಯ ಪಾಶ್ಚರ್ ಸಂಸ್ಥೆಯವರು ಇದಕ್ಕೆ ಒಂದು ಸುಲಭೋಪಾಯವನ್ನು ರೂಪಿಸಿ 2003ರಲ್ಲಿ ಪ್ರಕಟಿಸಿದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರು ರೋಗಿಯ ಗೆಡ್ಡೆಯಿಂದ ತೆಗೆದ ಹನಿ ದ್ರವದಲ್ಲಿ ಒಂದು ಕಾಗದದ ಪಟ್ಟಿಯನ್ನು ಅದ್ದುತ್ತಾರೆ. ಎಫ್-1 ಪ್ರೋಟೀನು ಅದರಲ್ಲಿದ್ದರೆ ಹದಿನೈದು ನಿಮಿಷಗಳೊಳಗೆ ಪಟ್ಟಿಯ ಮೇಲೆ ಬಣ್ಣದ ಗೆರೆಯೊಂದು ಮೂಡುತ್ತದೆ.